ಕಾರಿನ ಹಳೇ ಪೇಂಟ್ ಉಜ್ಜುವಾಗ ತಗಡಿನವರೆಗೂ ಇಳಿಯಬೇಕಾ? ಯಾವ ನಂಬರ್ ಪೇಪರ್?

ಬೂದು_ಬಾನೆಟ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 17 ವರ್ಷ ಹಳೆಯ ಸೆಡಾನ್, ಬೆಳ್ಳಿ ಬಣ್ಣದ ಮೆಟಾಲಿಕ್. ಅದೇ ಬಣ್ಣವನ್ನು ಮತ್ತೆ ಹೊಡೆಯಬೇಕು, ಬೇಸ್ ಕೋಟ್ (ಬಣ್ಣದ ಪದರ) ಮೇಲೆ 2ಕೆ ಕ್ಲಿಯರ್ (ಹಾರ್ಡನರ್ ಬೆರೆಸಿ ಹೊಡೆಯುವ ಪಾರದರ್ಶಕ ಪದರ).

ಈಗಿನ ಸ್ಥಿತಿ: ಬಾನೆಟ್ ಮತ್ತು ರೂಫ್ ಮೇಲೆ ಕ್ಲಿಯರ್ ಸಿಪ್ಪೆ ಎದ್ದಿದೆ, ಕೆಳಗಿನ ಬೆಳ್ಳಿ ಪದರ ಸುಣ್ಣದ ಹಾಗೆ ಕೈಗೆ ಅಂಟುತ್ತೆ. ಡೋರ್‌ಗಳ ಪೇಂಟ್ ಗಟ್ಟಿಯಾಗಿದೆ, ಸಣ್ಣ ಗೀರುಗಳಷ್ಟೆ. ಹಿಂದಿನ ಎಡ ಡೋರಿನ ಕೆಳಗಂಚಿನಲ್ಲಿ ಮಾತ್ರ ತುಕ್ಕಿನ ಗುಳ್ಳೆ. ಮುಂದಿನ ಎಡ ಫೆಂಡರ್ ಹಿಂದೆ ಯಾವಾಗಲೋ ರೀಪೇಂಟ್ ಆಗಿದೆ, ಪೇಂಟ್ ದಪ್ಪ ಅಳೆಯುವ ಮೀಟರ್ ಅಲ್ಲಿ 420 ಮೈಕ್ರಾನ್ ತೋರಿಸುತ್ತೆ. ಉಳಿದ ಕಡೆ 110ರಿಂದ 130. ಬಂಪರ್ ಎರಡೂ ಪ್ಲಾಸ್ಟಿಕ್.

5 ಮಿ.ಮೀ. ಆರ್ಬಿಟ್‌ನ ಡಿಎ ಸ್ಯಾಂಡರ್ (ತಿರುಗುತ್ತಾ ಅದುರುತ್ತಾ ಉಜ್ಜುವ ಮೆಷಿನ್) ಇದೆ, ಕೈಯಲ್ಲಿ ಉಜ್ಜೋಕೆ ರಬ್ಬರ್ ಬ್ಲಾಕ್ ಇದೆ. ಎಲ್ಲವನ್ನೂ ತಗಡಿಗೆ ಇಳಿಸಬೇಕಾ? ಪೇಪರ್ ನಂಬರ್ ಯಾವ ಕ್ರಮದಲ್ಲಿ ಹೋಗಬೇಕು? ನೀರು ಹಾಕಿ ಉಜ್ಜೋದಾ, ಒಣದಾಗಿಯಾ?

ತಗಡು_ಬಲ್ಲವ

ಪೂರ್ತಿ ಕಾರನ್ನು ದಯವಿಟ್ಟು ತಗಡಿಗೆ ಇಳಿಸಬೇಡಿ. ತಗಡಿನ ಮೇಲೆ ಸಾಮಾನ್ಯವಾಗಿ 7-10 ಮೈಕ್ರಾನ್ ಝಿಂಕ್ ಲೇಪ ಇರುತ್ತೆ. ಅದರ ಮೇಲೆ ಇ-ಕೋಟ್ ಸುಮಾರು 20, ಪ್ರೈಮರ್ 30ರ ಆಸುಪಾಸು, ಬೇಸ್ 15-20, ಕ್ಲಿಯರ್ 40-50. ಇ-ಕೋಟ್ ಅಂದರೆ ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಹಾಯಿಸಿ ಕೂರಿಸಿ, ಓವನ್‌ನಲ್ಲಿ ಬೇಯಿಸಿದ ಪದರ. ಗನ್ ಹಿಡಿದು ಎಷ್ಟೇ ಚೆನ್ನಾಗಿ ಹೊಡೆದರೂ ಆ ಹಿಡಿತ ಬರೋದಿಲ್ಲ. ಪಿ80 ಪೇಪರಿನ (ನಂಬರ್ ಹೆಚ್ಚಾದಷ್ಟೂ ಪೇಪರ್ ನಯ) ಹರಳು ಸರಾಸರಿ 200 ಮೈಕ್ರಾನ್ ಗಾತ್ರದ್ದು, ನಿಮ್ಮ ಇಡೀ ಪೇಂಟ್ ದಪ್ಪಕ್ಕಿಂತ ದೊಡ್ಡದು. ಮೆಷಿನ್‌ಗೆ ಅದನ್ನು ಹಾಕಿ ಗಟ್ಟಿ ಡೋರ್ ಮೇಲೆ ಇಟ್ಟರೆ ಝಿಂಕ್ ಹೋಗೋಕೆ ಹೆಚ್ಚು ಹೊತ್ತು ಬೇಡ, ಆಮೇಲೆ ತುಕ್ಕಿಗೆ ದಾರಿ ನೀವೇ ಮಾಡಿಕೊಟ್ಟಂತೆ. ಪ್ಯಾನೆಲ್ ಪ್ಯಾನೆಲ್‌ಗೂ ಬೇರೆ ಲೆಕ್ಕ.

ಡೋರ್‌ಗಳು: ಡಿಎ ಮೇಲೆ ಮೆತ್ತನೆಯ ಇಂಟರ್‌ಫೇಸ್ ಪ್ಯಾಡ್ ಇಟ್ಟು ಪಿ320, ನಂತರ ಪಿ500. ಗೀರು ಹೋಗಬೇಕು, ಹೊಳಪು ಸಾಯಬೇಕು, ಅಷ್ಟೇ. ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಒಣಗುವಾಗ ಓರೆಯಿಂದ ನೋಡಿ. ಎಲ್ಲಿ ಮಿಂಚುತ್ತೋ ಅಲ್ಲಿ ಪೇಪರ್ ಮುಟ್ಟಿಲ್ಲ, ಹೊಸ ಪೇಂಟ್ ಸಿಪ್ಪೆ ಏಳೋದೂ ಅಲ್ಲಿಂದಲೇ. ಹ್ಯಾಂಡಲ್, ಬೀಡಿಂಗ್, ರಬ್ಬರ್ ಬಿಚ್ಚಿಡಿ. ಬಿಚ್ಚದೆ ಅಂಚಿಗೆ ಟೇಪ್ ಹಚ್ಚಿ ಹೊಡೆದರೆ ರಬ್ಬರ್ ಪಕ್ಕದ ಒಂದೆರಡು ಮಿ.ಮೀ. ಹೊಳಪಾಗಿಯೇ ಉಳಿದುಬಿಡುತ್ತೆ.

ಬಾನೆಟ್, ರೂಫ್: ಕ್ಲಿಯರ್ ಕೆಳಗೆ ಬೇಸ್ ಕೋಟಿನ ಮೇಲ್ಮೈ ಬಿಸಿಲಿಗೆ ಸತ್ತು ಪುಡಿಯಾಗಿರುತ್ತೆ. ಅದನ್ನು ಉಳಿಸಿಕೊಂಡು ಮೇಲೆ ಏನೇ ಹೊಡೆದರೂ ಪುಡಿಯ ಮೇಲೆ ನಿಂತ ಹಾಗೆ. ಸಡಿಲ ಸಿಪ್ಪೆಯನ್ನು ಸ್ಕ್ರೇಪರ್‌ನಿಂದ ಎಬ್ಬಿಸಿ ತೆಗೆದು, ಪಿ180 ಹಾಕಿ ಕ್ಲಿಯರ್ ಮತ್ತು ಬೇಸ್ ಎರಡನ್ನೂ ಪೂರ್ತಿ ತೆಗೆಯಿರಿ. ಗಟ್ಟಿ ಪ್ರೈಮರ್ ಸಿಕ್ಕಿದ ಕೂಡಲೇ ನಿಲ್ಲಿಸಿ. ಪುಡಿಯ ಬಣ್ಣ ಬದಲಾಗೋದೇ ಗುರುತು. ನಂತರ ಪಿ320. ಗಟ್ಟಿ ಅನ್ನಿಸಿದ ಕ್ಲಿಯರ್ ಅಂಚಿಗೆ ಮಾಸ್ಕಿಂಗ್ ಟೇಪ್ ಒತ್ತಿ, ಒಂದೇ ಸಲಕ್ಕೆ ಎಳೆದು ನೋಡಿ. ಸಿಪ್ಪೆ ಟೇಪಿಗೆ ಬಂದರೆ ಇನ್ನೂ ಮುಂದೆ ಉಜ್ಜಬೇಕು.

ತುಕ್ಕು: ಇಲ್ಲಿ ಮಾತ್ರ ತಗಡು ಕಾಣಬೇಕು. ಪಿ80 ಅಥವಾ ಗ್ರೈಂಡರ್‌ಗೆ ಹಾಕುವ ಸ್ಟ್ರಿಪ್ ಡಿಸ್ಕ್ (ಪೇಂಟ್, ತುಕ್ಕು ಕೀಳುವ ಒರಟು ಚಕ್ರ). ಬೆಳ್ಳಗೆ ಹೊಳೆಯುವ ತಗಡಿನ ಮಧ್ಯೆ ಕಪ್ಪು ಚುಕ್ಕಿ ಉಳಿದರೆ ಅದು ಇನ್ನೂ ಜೀವಂತ ತುಕ್ಕು, ಬಿಡಬೇಡಿ. ಗ್ರೈಂಡರ್ ಒಂದೇ ಜಾಗದಲ್ಲಿ ನಿಂತರೆ ತಗಡು ಕಾದು ಬಾಗುತ್ತೆ, ಕೈ ಆಡಿಸುತ್ತಲೇ ಇರಿ. ಡೋರ್ ಕೆಳಗಂಚಿನ ತುಕ್ಕು ಬಹುತೇಕ ಮಡಿಕೆಯ ಒಳಗಿನಿಂದ ಬಂದಿರುತ್ತೆ. ನೀರು ಇಳಿಯುವ ತೂತು ಕಟ್ಟಿಕೊಂಡಿದೆಯಾ ನೋಡಿ. ಸ್ಕ್ರೂಡ್ರೈವರ್ ತುದಿ ಒತ್ತಿದರೆ ಒಳಗೆ ಹೋಗುತ್ತೆ ಅಂದರೆ ಅದು ಉಜ್ಜುವ ಕೆಲಸವಲ್ಲ, ಕತ್ತರಿಸಿ ವೆಲ್ಡ್ ಮಾಡುವ ಕೆಲಸ.

ತಗಡು ತೆರೆದ ಕಡೆ ಅಂಚನ್ನು ಇಳಿಜಾರು ಮಾಡಬೇಕು: ಪಿ80 ಆದ ಮೇಲೆ ಪಿ180, ಆಮೇಲೆ ಪಿ320. ತಗಡು, ಪ್ರೈಮರ್, ಬೇಸ್, ಕ್ಲಿಯರ್ ಉಂಗುರಗಳ ಹಾಗೆ ಕಾಣುತ್ತವೆ. ಒಂದೊಂದು ಉಂಗುರವೂ ಕನಿಷ್ಠ ಒಂದು ಸೆಂ.ಮೀ. ಅಗಲ ಬರಲಿ. ಕಣ್ಣು ಮುಚ್ಚಿ ಅಂಗೈ ಆಡಿಸಿ. ಮೆಟ್ಟಿಲು ಕೈಗೆ ಸಿಕ್ಕಿದರೆ ಬೆಳ್ಳಿ ಮೆಟಾಲಿಕ್‌ನಲ್ಲಿ ಕಣ್ಣಿಗೆ ಎದ್ದು ಕಾಣುತ್ತೆ.

ಗೀರು_ಗ್ರಿಟ್

ಮೇಲಿನದಕ್ಕೆ ಒಪ್ಪಿಗೆ. ಆದರೆ ಪೇಪರ್ ಮುಟ್ಟುವ ಮೊದಲೇ ಆಗಬೇಕಾದ್ದು ಒಂದಿದೆ. ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ವ್ಯಾಕ್ಸ್-ಗ್ರೀಸ್ ರಿಮೂವರ್ ಹಾಕಿ ಒರೆಸಿ. ಒಂದು ಬಟ್ಟೆಯಲ್ಲಿ ಹಚ್ಚೋದು, ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತೋದು. ಇದನ್ನು ಬಿಟ್ಟರೆ ಹಳೆಯ ಪಾಲಿಶ್‌ನ ಸಿಲಿಕೋನನ್ನು ಪೇಪರ್ ಗೀರಿನ ಒಳಕ್ಕೆ ತಳ್ಳುತ್ತೆ. ಬೇಸ್ ಹೊಡೆದ ಕ್ಷಣವೇ ಮೀನಿನ ಕಣ್ಣಿನಂಥ ಗುಂಡಿಗಳು ಬಿಚ್ಚಿಕೊಳ್ಳುತ್ತವೆ. ಉಜ್ಜಿದ ಮೇಲೆ ಇನ್ನೊಮ್ಮೆ ಇದೇ ಒರೆಸು.

ನಂಬರ್ ಹಾರಿಸಬೇಡಿ. ಪಿ80ರಿಂದ ನೇರ ಪಿ320ಕ್ಕೆ ಬಂದರೆ ಮೇಲ್ಮೈ ನುಣುಪಾಗಿ ಕಂಡರೂ ಆಳದ ಗೀರುಗಳು ಉಳಿದಿರುತ್ತವೆ. ಪ್ರೈಮರ್ ಅವನ್ನು ತುಂಬಿದಂತೆ ಕಾಣುತ್ತೆ. ಸಾಲ್ವೆಂಟ್ ಪೂರ್ತಿ ಆರುತ್ತಾ ಪ್ರೈಮರ್ ಕುಗ್ಗಿದಾಗ, ಕೆಲವು ವಾರಗಳ ನಂತರ, ಕ್ಲಿಯರ್ ಮೇಲೆ ಗೆರೆಗಳು ಮೂಡುತ್ತವೆ. ಆಗ ಪಾಲಿಶ್ ಮಾಡಿ ಹೋಗಿಸೋಕೆ ಆಗೋದಿಲ್ಲ, ಗೀರು ಇರೋದು ಕೆಳಗೆ.

ಪೇಪರ್ ಹಿಂಬದಿಯಲ್ಲಿ ನಂಬರ್ ಮುಂದೆ ‘ಪಿ’ ಅಕ್ಷರ ಇದೆಯಾ ನೋಡಿಕೊಳ್ಳಿ. ಅಮೆರಿಕದ ಹಳೆಯ ಅಳತೆಯ ಬರೀ 400 ಅಂದರೆ ಹೆಚ್ಚುಕಡಿಮೆ ಪಿ800ರಷ್ಟು ನಯ. ಎರಡನ್ನೂ ಬೆರೆಸಿದರೆ ಇಡೀ ಕ್ರಮ ಕೆಡುತ್ತೆ.

ನೀರಿನ ಪ್ರಶ್ನೆಗೆ: ತೆರೆದ ತಗಡು ಮತ್ತು ಪುಟ್ಟಿ ಇರುವ ಕಡೆ ಕಡ್ಡಾಯವಾಗಿ ಒಣದು. ತಗಡಿಗೆ ನೀರು ಬಿದ್ದರೆ ನೋಡನೋಡುತ್ತಲೇ ಕಂದು ತುಕ್ಕು ಕಟ್ಟುತ್ತೆ. ಪಾಲಿಯೆಸ್ಟರ್ ಪುಟ್ಟಿ ನೀರು ಕುಡಿಯುತ್ತೆ, ಆ ತೇವ ಮುಂದೆ ಗುಳ್ಳೆಯಾಗಿ ಹೊರಬರುತ್ತೆ. ಪ್ರೈಮರ್ ಸರ್ಫೇಸರ್ (ಬೇಸ್‌ಗೆ ಮೊದಲು ಹೊಡೆಯುವ, ಸಣ್ಣ ಗೀರು ತುಂಬುವ ದಪ್ಪ ಪ್ರೈಮರ್) ಪೂರ್ತಿ ಗಟ್ಟಿಯಾದ ಮೇಲೆ, ತಗಡು ಎಲ್ಲೂ ಕಾಣದಿದ್ದರೆ, ಕೊನೆಯ ಕೈ ಪಿ800 ನೀರಿನಲ್ಲಿ ಮಾಡಬಹುದು. ಒಣದಾಗಿ ಮಾಡೋರಿಗೆ ಪಿ500 ಸಾಕು. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದರೆ ಪೇಪರ್ ಕಟ್ಟಿಕೊಳ್ಳೋದಿಲ್ಲ. ಆದರೆ ಆ ಕೆಸರು ಸಂದಿಗಳಲ್ಲಿ ಒಣಗಲು ಬಿಡಬೇಡಿ, ಪೇಂಟ್ ಗನ್ನಿನ ಗಾಳಿಗೆ ಅದೇ ಹಾರಿ ಬಂದು ಕೂರುತ್ತೆ.

ಸರ್ಫೇಸರ್ ಮೇಲೆ ಗೈಡ್ ಕೋಟ್ ತಪ್ಪಿಸಬೇಡಿ. ಕಪ್ಪು ಪುಡಿ ಹಚ್ಚಿ, ಬ್ಲಾಕ್ ಹಿಡಿದು ಓರೆಯಾಗಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಕಪ್ಪು ಉಳಿದ ಕಡೆ ತಗ್ಗು. ಬೆರಳಿನಿಂದ ಒತ್ತಿ ಉಜ್ಜಿ ಕಪ್ಪು ತೆಗೆದರೆ ತಗ್ಗು ಹೋಗೋದಿಲ್ಲ, ಗುರುತು ಮಾತ್ರ ಹೋಗುತ್ತೆ.

ಬೂದು_ಬಾನೆಟ್

ಇಬ್ಬರಿಗೂ ಧನ್ಯವಾದ. ಎರಡು ಸಂದೇಹ. ಫೆಂಡರ್ ಮೇಲೆ ಲ್ಯಾಕರ್ ಥಿನ್ನರ್ ಅದ್ದಿದ ಬಟ್ಟೆಯನ್ನು ಅರ್ಧ ನಿಮಿಷ ಇಟ್ಟರೆ ಪೇಂಟ್ ಮೆತ್ತಗಾಗಿ ಬಟ್ಟೆಗೆ ಬೆಳ್ಳಿ ಬಣ್ಣ ಹತ್ತಿತು. ಇದೇ ಪರೀಕ್ಷೆಗೆ ಡೋರ್ ಜಗ್ಗಲಿಲ್ಲ. ಎರಡನೆಯದು, ಬಾನೆಟ್ಟಿನ ಉಬ್ಬುಗೆರೆಯಲ್ಲಿ ಪಿ180 ತಗಡು ತೋರಿಸಿಬಿಟ್ಟಿದೆ, ಅಂಗೈ ಉದ್ದದ ತೆಳು ಗೆರೆ.

ತಗಡು_ಬಲ್ಲವ

ಫೆಂಡರ್ ಮೇಲಿರೋದು ಹಾರ್ಡನರ್ ಇಲ್ಲದ 1ಕೆ ಪೇಂಟ್. ಅದರ ಮೇಲೆ 2ಕೆ ಹೊಡೆದರೆ ಸಾಲ್ವೆಂಟ್ ಕೆಳಗಿನ ಪದರವನ್ನು ನೆನೆಸಿ, ಮೇಲಿನದು ಹಪ್ಪಳದ ಹಾಗೆ ಸುಕ್ಕುಗಟ್ಟುತ್ತೆ. ಅಷ್ಟನ್ನೂ ಪಿ80, ಪಿ180ರಲ್ಲಿ ತೆಗೆಯಿರಿ. ಮೆತ್ತನೆ ಪೇಂಟ್ ಪೇಪರಿಗೆ ಉಂಡೆಯಾಗಿ ಅಂಟುತ್ತೆ, ಸ್ಪೀಡ್ ಇಳಿಸಿ, ಪೇಪರ್ ಬೇಗ ಬದಲಿಸಿ. ಕೆಳಗೆ ಕಂಪನಿ ಪೇಂಟ್ ಗಟ್ಟಿ ಸಿಕ್ಕಿದರೆ ಅಲ್ಲೇ ನಿಂತುಬಿಡಿ. ಪುಟ್ಟಿ ಸಿಕ್ಕಿದರೆ ಅಂಚು ಬಿಟ್ಟಿದೆಯಾ ಪರೀಕ್ಷಿಸಿ, ಬಿಟ್ಟಿದ್ದರೆ ಅದೂ ಹೋಗಲಿ. ಪೇಂಟ್ ರಿಮೂವರ್ ಬಳಸೋದಾದರೆ ಮಡಿಕೆ, ಜಾಯಿಂಟ್‌ಗಳಿಗೆ ಇಳಿಯಬಾರದು. ಅಲ್ಲಿ ಉಳಿದ ಒಂದು ಹನಿ ಸಾಕು, ಹೊಸ ಪೇಂಟನ್ನೂ ಎಬ್ಬಿಸುತ್ತೆ.

ಉಬ್ಬುಗೆರೆಯಲ್ಲಿ ಪೇಂಟ್ ತೆಳು, ಪ್ಯಾಡ್ ಒತ್ತಡವೂ ಅಲ್ಲೇ ಬೀಳುತ್ತೆ. ಇನ್ನು ಮುಂದೆ ಗೆರೆ, ಅಂಚುಗಳಿಗೆ ಮೊದಲು ಟೇಪ್ ಹಾಕಿ ಸುತ್ತಲಿನ ಸಮತಲ ಮುಗಿಸಿ. ಟೇಪ್ ಕಿತ್ತು ಅಷ್ಟನ್ನು ಕೈಯಲ್ಲಿ ಪಿ500 ಅಥವಾ ಬೂದು ಸ್ಕಾಚ್‌ಬ್ರೈಟ್‌ (ಉಜ್ಜುವ ನಾರಿನ ಪ್ಯಾಡ್) ನಿಂದ ಎರಡು ಮೂರು ಸಲ ಎಳೆದರೆ ಸಾಕು. ಈಗಾಗಲೇ ತೆರೆದ ತಗಡನ್ನು ರಾತ್ರಿ ಹಾಗೇ ಬಿಡಬೇಡಿ, ಬರಿಗೈಯಲ್ಲಿ ಮುಟ್ಟಲೂಬೇಡಿ. ಅದೇ ದಿನ ಎಪಾಕ್ಸಿ ಪ್ರೈಮರ್, ಡಬ್ಬದ ಮೇಲೆ ಹೇಳಿದ ಅಳತೆಯಲ್ಲೇ ಬೆರೆಸಿ. ಬೇಸ್ ಕೋಟನ್ನು ನೇರ ತಗಡಿಗೆ ಹೊಡೆದರೆ ಅದು ಹಿಡಿಯೋದಿಲ್ಲ.

ಧೂಳು_ಮಾಸ್ಕ್

ಬಂಪರ್ ಬಗ್ಗೆ ಯಾರೂ ಹೇಳಲಿಲ್ಲ. ಪಿ400ಕ್ಕಿಂತ ಒರಟು ಬೇಡ. ಪಿ80 ಹಾಕಿದರೆ ಪ್ಲಾಸ್ಟಿಕ್‌ನಿಂದ ನೂಲಿನಂಥ ಎಳೆಗಳು ಏಳುತ್ತವೆ, ಮುಂದೆ ಎಷ್ಟು ಉಜ್ಜಿದರೂ ಮಲಗೋದಿಲ್ಲ. ರಿಮೂವರ್ ಅಂತೂ ಬೇಡವೇ ಬೇಡ, ಪ್ಲಾಸ್ಟಿಕ್ಕನ್ನೇ ಕರಗಿಸುತ್ತೆ. ಹಳೇ ಪೇಂಟ್ ಗಟ್ಟಿಯಿದ್ದರೆ ಉಳಿಸಿಕೊಳ್ಳಿ, ಪ್ಲಾಸ್ಟಿಕ್ ಕಾಣುವ ಕಡೆ ಮಾತ್ರ ಅಡ್ಹೀಷನ್ ಪ್ರಮೋಟರ್ (ಪೇಂಟ್ ಪ್ಲಾಸ್ಟಿಕ್‌ಗೆ ಹಿಡಿಯುವಂತೆ ಮಾಡುವ ದ್ರವ).

ಮೂಗಿಗೆ ಬಟ್ಟೆ ಕಟ್ಟಿಕೊಂಡು ಈ ಕೆಲಸಕ್ಕೆ ಇಳಿಯಬೇಡಿ. ಹಳೆಯ ಪೇಂಟ್ ಪುಡಿಯಲ್ಲಿ ಸೀಸ, ಕ್ರೋಮಿಯಂ ಇರಬಹುದು. ಮುಖಕ್ಕೆ ಗಾಳಿ ಸೋರದಂತೆ ಕೂರುವ, ಧೂಳಿನ ಫಿಲ್ಟರ್ ಇರುವ ರಬ್ಬರ್ ಮಾಸ್ಕ್ ಬೇಕು, ಸ್ಯಾಂಡರ್‌ಗೆ ವ್ಯಾಕ್ಯೂಮ್ ಪೈಪ್ ಜೋಡಿಸಿ. ಪುಡಿಯನ್ನು ಗುಡಿಸಿ ಎಬ್ಬಿಸಬೇಡಿ, ಒದ್ದೆ ಬಟ್ಟೆಯಲ್ಲಿ ಎತ್ತಿ. 2ಕೆ ಕ್ಲಿಯರ್ ಹೊಡೆಯುವ ದಿನ ಈ ಧೂಳಿನ ಮಾಸ್ಕ್ ಸಾಲದು. ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತೆ. ಅದರ ವಾಸನೆ ಮೂಗಿಗೆ ಬರುವ ಮೊದಲೇ ಅಪಾಯದ ಮಟ್ಟ ದಾಟಿರುತ್ತೆ, ಒಮ್ಮೆ ಆಸ್ತಮಾ ಹಿಡಿಸಿದರೆ ಆಮೇಲೆ ಒಂದಿಷ್ಟು ಸೋಕಿದರೂ ಉಸಿರು ಕಟ್ಟುತ್ತೆ. ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಇಲ್ಲದಿದ್ದರೆ ಉಜ್ಜುವುದು, ಪ್ರೈಮರನ್ನು ಬ್ಲಾಕ್ ಹಿಡಿದು ಸಮ ಮಾಡುವುದು ಎಲ್ಲ ನೀವೇ ಮುಗಿಸಿ, ಕ್ಲಿಯರ್ ಮಾತ್ರ ಪೇಂಟ್ ಬೂತ್ ಇರುವವರಿಗೆ ಕೊಡಿ.