ಮಕ್ಕಳೇ ಟಾಪಿಕ್ ಆರಿಸ್ಕೊಂಡು ಮಾಡೋ ಪ್ರಾಜೆಕ್ಟು: ಮಾಡ್ಸಿದವ್ರು ಅನುಭವ ಹೇಳಿ

ವಿಜಯನಗರ ಟೀಚರ್: ಒಂಬತ್ತನೇ ಕ್ಲಾಸಿಗೆ ಇತಿಹಾಸ, ಭೂಗೋಳ, ಕನ್ನಡ ಎಲ್ಲಾ ಸೇರ್ಸಿ ಒಂದು ಪ್ರಾಜೆಕ್ಟ್ ಮಾಡ್ಸಿ, ವಿಷಯ ಮಕ್ಕಳೇ ಆರಿಸ್ಲಿ ಅಂತ ನಮ್ಮ ಎಚ್‌ಎಂ ಹೇಳಿದಾರೆ. 42 ಮಕ್ಕಳು. ಪೂರ್ತಿ ಅವ್ರಿಗೇ ಬಿಡೋದಾ, ಪಟ್ಟಿ ಕೊಡೋದಾ?

ಸರ್ಕಾರಿ ಹೈಸ್ಕೂಲ್ ಮೇಷ್ಟ್ರು: ಪಟ್ಟಿ ಕೊಡ್ಲೇಬೇಡಿ ಮೇಡಂ. ನಮ್ಮಲ್ಲಿ ತಿಗಳರಪೇಟೆ ಕಡೆ ಹುಡುಗಿ ಒಬ್ಳು ಬೆಂಗಳೂರು ಕರಗದ ಮೇಲೆ ಮಾಡ್ತೀನಿ ಅಂದ್ಲು, ನಾನು ಹಬ್ಬದ ಪ್ರಬಂಧ ಬರೀತಾಳೆ ಅನ್ಕೊಂಡಿದ್ರೆ ಅವ್ಳು ಕೇಳಿದ್ದು ಕರಗ ಕಾಟನ್‌ಪೇಟೆ ಮಸ್ತಾನ್ ದರ್ಗಾಕ್ಕೆ ಯಾಕೆ ಹೋಗತ್ತೆ, ಸಂಪಂಗಿ ಕೆರೆ ಹತ್ರ ಯಾಕೆ ಪೂಜೆ ಅಂತ. ಅಲ್ಲಿಂದ ಕರಗ ನಡೆಸೋ ತಿಗಳ ಸಮುದಾಯದವ್ರ ತರಕಾರಿ ತೋಟ, ತೋಟಕ್ಕೆ ಕೆರೆ ನೀರು, ಆ ಕೆರೆ ಜಾಗದಲ್ಲೇ ಕಂಠೀರವ ಸ್ಟೇಡಿಯಂ, ಈಗ ಉಳಿದಿರೋದು ಪುಟ್ಟ ಕೊಳ. ಧರ್ಮ, ಭೂಗೋಳ, ಪೌರನೀತಿ ಎಲ್ಲಾ ತಾನಾಗೇ ಬಂತು. ಅವ್ರಜ್ಜಿ ಮಾತು ಮೊಬೈಲಲ್ಲಿ ರೆಕಾರ್ಡ್ ಮಾಡಿ ಬರ್ಕೊಂಡ್ ಬಂದ್ಲು, ಅದೇ ಕನ್ನಡದ ಕೆಲ್ಸ. ಬಸ್ ಚಾರ್ಜು, ಜೆರಾಕ್ಸು ಎಲ್ಲಾ ನನ್ನ ಜೇಬಿಂದ, ಸ್ಕೂಲಿಂದ ಒಂದ್ ರೂಪಾಯಿ ಬರ್ಲಿಲ್ಲ.

ಪ್ರೈವೇಟ್ ಸ್ಕೂಲ್ ಸೋಶಿಯಲ್ ಮಿಸ್: ಸರ್, ಒಂದು ಒಳ್ಳೆ ಹುಡುಗಿ ಕಥೆ ಹೇಳಿದ್ರಿ, ಮಿಕ್ಕವ್ರು ಏನ್ ಮಾಡಿದ್ರು ಹೇಳ್ಲೇ ಇಲ್ಲ. ನಾನೂ ಮೊದಲ್ನೇ ವರ್ಷ ಫ್ರೀ ಬಿಟ್ಟೆ. ಅರ್ಧ ಕ್ಲಾಸು ಐಪಿಎಲ್ಲು, ಕೆ-ಪಾಪ್ಪು, ಬರ್ದಿದ್ದೆಲ್ಲಾ ಚಾಟ್‌ಜಿಪಿಟಿ, ಬೇರೆ ಬೇರೆ ಮಕ್ಕಳ ಪ್ರಾಜೆಕ್ಟಲ್ಲಿ ಅದೇ ಪ್ಯಾರಾ. ಪೇರೆಂಟ್ಸ್ ಮೀಟಿಂಗಲ್ಲಿ ಬೈಸ್ಕೊಂಡಿದ್ದು ನಾನು. ಈಗ ಥೀಮ್ ನಂದೇ, 1898ರ ಬೆಂಗಳೂರಿನ ಪ್ಲೇಗು. ಅದ್ರೊಳಗೆ ಏನ್ ಬೇಕಾದ್ರೂ ಆರಿಸ್ಲಿ: ಪ್ಲೇಗಮ್ಮನ ಗುಡಿ, ಊರು ಬಿಟ್ಟು ಹೋದವ್ರು, ಮಲ್ಲೇಶ್ವರ ಬಸವನಗುಡಿ ಹುಟ್ಟಿದ್ದು. ಗುಡಿಗೆ ಹೋಗಿ ಪೂಜಾರಿನ ಮಾತಾಡ್ಸಿ ಬರ್ಬೇಕು, ಅದನ್ನ ನೆಟ್ಟಿಂದ ಇಳ್ಸಕ್ಕಾಗಲ್ಲ.

ಮೇಷ್ಟ್ರು: ಥೀಮ್ ನಿಮ್ದು ಅಂದ್ಮೇಲೆ ಆರಿಸಿದ್ದೂ ನೀವೇ. ಐಪಿಎಲ್ ಅಂದ್ರೆ ಏನ್ ತಪ್ಪು? ಆಟಗಾರರನ್ನ ಹರಾಜು ಹಾಕೋದ್ರಲ್ಲಿ ಅರ್ಥಶಾಸ್ತ್ರ ಇಲ್ವಾ? ಮಕ್ಕಳ ಹತ್ರ ಒಂದ್ ಪ್ರಶ್ನೆ ಹುಟ್ಟೋವರ್ಗೂ ಕೂತ್ಕೊಳ್ಳೋ ತಾಳ್ಮೆ ಬೇಕು ಅಷ್ಟೆ.

ಮಿಸ್: ತಾಳ್ಮೆ ಬಗ್ಗೆ ನೀವು ನಂಗೆ ಹೇಳ್ಬೇಡಿ ಸರ್. ವಾರಕ್ಕೆ ಎರಡು ಪೀರಿಯಡ್ ಕೊಟ್ಟು, ಸಾಲದ್ದಕ್ಕೆ ಅದನ್ನೂ ಮ್ಯಾಥ್ಸ್ ರಿವಿಷನ್‌ಗೆ ಕಿತ್ಕೊಂಡ್ರು.

ಪೇರೆಂಟ್, ರಾಜಾಜಿನಗರ: ನಮ್ಮನೇಲಿ ನಡೆದಿದ್ದು ಕೇಳಿ. ಮಗ ಮೆಜೆಸ್ಟಿಕ್ ಆರಿಸ್ದ, ಧರ್ಮಾಂಬುಧಿ ಕೆರೆ ಬಸ್‌ಸ್ಟ್ಯಾಂಡ್ ಆಗಿದ್ದು. ವಿಷಯ ಚೆನ್ನಾಗಿತ್ತು, ಬೇಡ ಅನ್ಲಿಲ್ಲ. ಕಲರ್ ಪ್ರಿಂಟ್ 480, ಫೋಮ್ ಬೋರ್ಡ್ 350, ಸ್ಪೈರಲ್ ಬೈಂಡಿಂಗ್ 60, ಹಳೇ ಮ್ಯಾಪ್ ದೊಡ್ದು ಮಾಡ್ಸಿದ್ದು 220, ಓಡಾಡಿದ ಆಟೋ 700ರ ಮೇಲೆ. ಹಿಂದಿನ್ ದಿನ ರಾತ್ರಿ ಸೈಜ್ ತಪ್ಪು ಅಂತ ಮತ್ತೆ ಪ್ರಿಂಟು! ಎಸ್ಸೆಸ್ಸೆಲ್ಸಿ ಸೋಶಿಯಲ್ಲಲ್ಲಿ ಇಂಟರ್ನಲ್ಲು ಇಪ್ಪತ್ತೇ, ಎಂಬತ್ತು ಪರೀಕ್ಷೇಲೇ ಬರ್ಬೇಕು. ಕೂಲಿ ಮಾಡೋರ ಮಕ್ಕಳು ಎಲ್ಲಿಂದ ತರ್ತಾರೆ? ಟೀಚರ್‌ಗಳು ಇದನ್ನ ಮೊದ್ಲು ಯೋಚ್ನೆ ಮಾಡಿ.

ಮೇಷ್ಟ್ರು: ಕಲರ್ ಪ್ರಿಂಟ್ ಕೇಳಿದ್ದು ಸ್ಕೂಲಿನ ಶೋಕಿ ಸಾರ್, ಪ್ರಾಜೆಕ್ಟಿನ ತಪ್ಪಲ್ಲ. ನಮ್ ಮಕ್ಕಳು ಹಳೇ ನೋಟ್‌ಬುಕ್ ಹಾಳೇಲೇ ಬರ್ದಿದ್ದು.

ನಿವೃತ್ತ ಲೆಕ್ಚರರ್: ಒಂದು ತಿದ್ದುಪಡಿ. ಪ್ಲೇಗಿಂದ ಮಲ್ಲೇಶ್ವರ ಹುಟ್ಟಿತು ಅಂತ ಮಕ್ಕಳಿಗೆ ಹೇಳ್ಬೇಡಿ. ಎರಡೂ ಬಡಾವಣೆ ಕೆಲ್ಸ ಪ್ಲೇಗಿಗೆ ಮುಂಚೆನೇ ಶುರುವಾಗಿತ್ತು, ಪೇಟೆ ಜನ ಹೆದರಿ ಬಂದು ಸೇರಿದ್ದು ಆಮೇಲೆ.

ಮಿಸ್: ಸರ್, ನಾನು ಹೇಳಿದ್ದೂ ಹೆಚ್ಚುಕಮ್ಮಿ ಅದೇ.

ಲೆಕ್ಚರರ್: ಅದೇ ಅಲ್ಲಮ್ಮ. "ಹುಟ್ಟಿದ್ದು" ಅಂತಾನೇ ಬರ್ದಿದೀರ ಮೇಲೆ. ಯಾವ್ದು ಮೊದ್ಲು, ಯಾವ್ದು ಆಮೇಲೆ ಅಂತ ಹುಡುಕೋದೇ ತಾನೇ ಮಕ್ಕಳ ಕೆಲ್ಸ?

ವಿಜಯನಗರ ಟೀಚರ್: ದಯವಿಟ್ಟು ಜಗಳ ಬೇಡ. 42 ಮಕ್ಕಳ ಪ್ರಶ್ನೆ ಒಬ್ಳೇ ಕೂತು ಹೇಗೆ ನೋಡ್ಲಿ, ಅದನ್ನ ಯಾರಾದ್ರೂ ಹೇಳಿ.

ಮೇಷ್ಟ್ರು: ನಾಲ್ಕೈದು ಮಕ್ಕಳ ಗುಂಪು ಮಾಡಿ, ಗುಂಪಿಗೊಂದೇ ಪ್ರಶ್ನೆ. ಕನ್ನಡ ಮೇಷ್ಟ್ರನ್ನ ಮೊದಲ್ನೇ ದಿನಾನೇ ಎಳ್ಕೊಳ್ಳಿ. ಮತ್ತೆ ಆ ಪೀರಿಯಡ್ಡು ಮ್ಯಾಥ್ಸಿಗೆ ಕೊಡಲ್ಲ ಅಂತ ಎಚ್‌ಎಂ ಹತ್ರ ಬರ್ಸ್ಕೊಳ್ಳಿ.