ಜುಲೈನಲ್ಲಿ ಬೆಂಗಳೂರಲ್ಲಿ ಮಂಗಳೂರು ಮೀನೂಟ: ಏನು ಆರ್ಡರ್ ಮಾಡೋದು?

ಪ್ರಶ್ನೆ: ಈ ವಾರ ನಾಲ್ಕು ಜನ ಹೊರಟಿದ್ದೇವೆ. ಕಾಣೆ ಮೀನಿನ (ಲೇಡಿಫಿಶ್) ರವಾ ಫ್ರೈ ತಾಜಾ ಸಿಗುತ್ತಾ?

ಉತ್ತರ 1: ಕಷ್ಟ ಮಾರಾಯ್ರೇ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಈಗ ಬರೋದು ಹೆಚ್ಚಾಗಿ ಐಸಿನದ್ದು, ಇಲ್ಲಾ ಜೂನ್ 14ಕ್ಕೇ ನಿಷೇಧ ಮುಗಿದ ಪೂರ್ವ ಕರಾವಳಿಯದ್ದು. ಕಾಣೆಯ ಮಾಂಸ ನಡುಮುಳ್ಳಿನಿಂದ ಎಸಳೆಸಳಾಗಿ ಬಿಡಬೇಕು. ಹಿಟ್ಟಿನ ಹಾಗೆ ಮೆತ್ತಗಿದ್ದರೆ ಹಳತು. ರವೆ ಗರಿಗರಿ ಇದ್ದ ಮಾತ್ರಕ್ಕೆ ನಂಬಬೇಡಿ.

ಉತ್ತರ 2: ಬಂಗುಡೆ ಪುಳಿಮುಂಚಿ ವಾಸಿ. ಹುಣಸೆ, ಬ್ಯಾಡಗಿ ಮೆಣಸಿನ ಗಟ್ಟಿ ಮಸಾಲೆ, ಜೊತೆಗೆ ಕುಚ್ಚಲಕ್ಕಿ ಅನ್ನ. ನೀರ್ ದೋಸೆ ಕಾಯಿ ಹಾಕಿದ ಗಸಿ ಅನ್ನೋ ಸಾರಿಗೆ ಇರಲಿ. ಅಂಜಲ್ (ಸೀರ್ ಫಿಶ್) ತವಾ ಫ್ರೈ ಬೇಕಿದ್ದರೆ ತುಂಡಿನ ದಪ್ಪ ಕೇಳಿ, ಅರ್ಧ ಇಂಚಿಗಿಂತ ತೆಳುವಾದರೆ ಒಣಗಿ ನಾರಾಗುತ್ತೆ.

ಉತ್ತರ 3: ಮರುವಾಯಿ ಸುಕ್ಕ (ಚಿಪ್ಪುಮೀನಿನ ಒಣ ಪಲ್ಯ) ಹೇಳಿದರೆ, ಬಾಯಿ ತೆರೆಯದ ಚಿಪ್ಪುಗಳನ್ನು ಪಕ್ಕಕ್ಕಿಡಿ.