ಏಳನೇ ತಿಂಗಳ ಊಟ

ಮಳವಳ್ಳಿ ಅತ್ತೆ: (ಫಾರ್ವರ್ಡ್) ಗರ್ಭಿಣಿಯರ ಗಮನಕ್ಕೆ! ಏಳು ತುಂಬಿದ ಮೇಲೆ ರಾತ್ರಿ ಊಟ ಬಿಟ್ಟು ಗಂಜಿ ಕುಡಿಯಿರಿ. ಮಗು ಸಣ್ಣದಿದ್ದರೆ ಹೆರಿಗೆ ಸಲೀಸು. ಕಬ್ಬಿಣದ ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ. ಹತ್ತು ಜನರಿಗೆ ಕಳುಹಿಸಿ.

ಮಳವಳ್ಳಿ ಅತ್ತೆ: ನಿನ್ನ ತಂಗಿಗೆ ತೋರಿಸಮ್ಮ. ನಮ್ಮ ಕಾಲದಲ್ಲೂ ಹಿರಿಯರು ಇದನ್ನೇ ಹೇಳುತ್ತಿದ್ದರು.

ನಾನು: ಅತ್ತೆ, ದಯವಿಟ್ಟು ಇದನ್ನು ಅಳಿಸಿ. ಎರಡು ಮಾತೂ ಸುಳ್ಳು. ಅವಳೂ ಇದೇ ಗುಂಪಿನಲ್ಲಿದ್ದಾಳೆ.

ಮಳವಳ್ಳಿ ಅತ್ತೆ: ಕೆಟ್ಟದ್ದು ಬಯಸಿ ಹಾಕಲಿಲ್ಲ. ನನಗೆ ಮೂರು ಹೆರಿಗೆಯೂ ಹೂವೆತ್ತಿದಂತೆ ಆದವು.

ನಾನು: ನಿಮ್ಮ ಮನಸ್ಸು ನನಗೆ ಗೊತ್ತು ಅತ್ತೆ. ಆದರೆ ಒಂದು ದಿನದ ಹೆರಿಗೆ ಸುಲಭವಾಗಲಿ ಎಂದು ಹೊಟ್ಟೆಯಲ್ಲಿರುವ ಕೂಸನ್ನು ಉಪವಾಸ ಕೆಡವುವುದೇ? ಮೈಸೂರಿನ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ, ಅದೇ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಿಮಗೂ ಗೊತ್ತಲ್ಲ. ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ 1934ರಿಂದಲೂ ದಾಖಲಾಗಿವೆ. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ ಸುತ್ತಮುತ್ತಲೇ ನೆಲೆಸಿದ್ದ 517 ಜನರನ್ನು ಸಂಶೋಧಕರು ಹುಡುಕಿ ಅವರ ಹೃದಯ ತಪಾಸಣೆ ಮಾಡಿದರು. ಫಲಿತಾಂಶ 1996ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹುಟ್ಟುವಾಗ ಐದೂವರೆ ಪೌಂಡ್, ಎಂದರೆ ಎರಡೂವರೆ ಕೆ.ಜಿ., ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಜನರಿಗೆ ಹೃದ್ರೋಗ. ಏಳು ಪೌಂಡ್ ದಾಟಿದ್ದವರಲ್ಲಿ 3. ತಾಯಿಯೂ 45 ಕೆ.ಜಿ.ಗಿಂತ ಕಡಿಮೆಯಿದ್ದು ಮಗುವೂ ಸಣ್ಣದಿದ್ದರೆ ನೂರಕ್ಕೆ 20! ಈ ಲೆಕ್ಕ ನಮ್ಮ ಊರಿನ ತಾಯಂದಿರದ್ದು, ಅವರ ಮಕ್ಕಳದ್ದು.

ಪಾಂಡವಪುರದ ಮಾವ: 517 ಜನ ಯಾವ ಲೆಕ್ಕ? ಸಣ್ಣ ಮಕ್ಕಳು ಹುಟ್ಟಿದ್ದು ಬಡವರ ಮನೆಯಲ್ಲಿ. ಹೃದಯ ಕೆಡಿಸಿದ್ದು ಬಡತನವೇ ಇರಬಹುದಲ್ಲ?

ನಾನು: ಕೇಳಬೇಕಾದ ಪ್ರಶ್ನೆ ಮಾವ. ಇದೊಂದರಿಂದಲೇ ತೀರ್ಮಾನವಾಗುವುದಿಲ್ಲ. ಆದರೆ ಹಾಲೆಂಡಿನಲ್ಲಿ 1944-45ರ ಚಳಿಗಾಲದಲ್ಲಿ ಯುದ್ಧದಿಂದ ಬರಗಾಲ ಬಿತ್ತು. ಬಡವ ಬಲ್ಲಿದ ಎನ್ನದೆ ಊರಿಗೆ ಊರೇ ಹಸಿದಿತ್ತು. ಆಗ ಕಡೆಯ ತಿಂಗಳುಗಳಲ್ಲಿದ್ದ ಬಸುರಿಯರ ಮಕ್ಕಳು ಕಡಿಮೆ ತೂಕದಲ್ಲಿ ಹುಟ್ಟಿದರು, ಐವತ್ತರ ಹೊತ್ತಿಗೆ ಅವರ ದೇಹಕ್ಕೆ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಕುಗ್ಗಿತ್ತು. ಅತ್ತೆ ಕಳುಹಿಸಿದ ಸಂದೇಶ ಹೇಳುವುದೂ ಅದೇ ಕಡೆಯ ತಿಂಗಳುಗಳನ್ನು.

ಪಾಂಡವಪುರದ ಮಾವ: ಸರಿ. ಆದರೂ ಬಡತನದ ಮಾತನ್ನು ನಾನು ಬಿಡುವುದಿಲ್ಲ.

ನಾನು: ಬಿಡಬೇಡಿ ಮಾವ. ಅಂಗನವಾಡಿಯಲ್ಲಿ ಗರ್ಭಿಣಿಯರಿಗೆ ಬಿಸಿಯೂಟ ಹಾಕುವುದು ಅದಕ್ಕಾಗಿಯೇ.

ದೊಡ್ಡಮ್ಮ: ಹಾಗಾದರೆ ಇಬ್ಬರ ಊಟ ಒಬ್ಬಳೇ ಮಾಡಲಿ. ಒಂದು ಡಬ್ಬ ತುಪ್ಪ, ಹೋಳಿಗೆ ಕಳುಹಿಸುತ್ತೇನೆ.

ನಾನು: ಅದೂ ಬೇಡ ದೊಡ್ಡಮ್ಮ. ಅದೇ ಆಸ್ಪತ್ರೆಯಲ್ಲಿ ಹುಟ್ಟಿದವರ ಮೇಲೆ ನಡೆದ, 1998ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಉದ್ದ ಕಡಿಮೆಯಿದ್ದು ದಪ್ಪಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚು ಕಂಡಿತು. ಮುದ್ದೆ, ಸೊಪ್ಪು, ಹುರುಳಿಕಾಳಿನ ಸಾರು, ಮೊಟ್ಟೆ, ಹಾಲು ಸಾಕು. ಸಕ್ಕರೆ ಪರೀಕ್ಷೆಯನ್ನಂತೂ ತಪ್ಪಿಸಬಾರದು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಮೇಲೆ ರಕ್ತ ನೋಡುತ್ತಾರೆ, 140 ಮುಟ್ಟಿದರೆ ಚಿಕಿತ್ಸೆ ಬೇಕು.

ತಂಗಿ: ಆ ಪರೀಕ್ಷೆ ಆಗಿದೆ ಅಕ್ಕ, 118 ಬಂತು. ತಾಯಿ ಕಾರ್ಡಿನಲ್ಲಿ ಬರೆದಿದ್ದಾರೆ. ಆದರೆ ಕಬ್ಬಿಣದ ಮಾತ್ರೆ ನಿಲ್ಲಿಸಿ ಹನ್ನೆರಡು ದಿನವಾಯಿತು. ಮಲ ಕಪ್ಪಗೆ ಹೋಗುತ್ತಿತ್ತು. ಪಕ್ಕದ ಮನೆಯವರೂ ಮಗು ಕಪ್ಪಾಗುತ್ತದೆ ಎಂದರು. ಹೆದರಿಕೆಯಾಯಿತು.

ನಾನು: ಅಯ್ಯೋ, ನನಗೇಕೆ ಹೇಳಲಿಲ್ಲ? ಮಾತ್ರೆಯ ಕಬ್ಬಿಣದಿಂದ ಮಲ ಕಪ್ಪಾಗುವುದು ಸಹಜ. ಮಗುವಿನ ಬಣ್ಣಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇವತ್ತೇ ಮತ್ತೆ ಶುರು ಮಾಡು. ಕಾಫಿ ಟೀ ಜೊತೆ ನುಂಗಬೇಡ, ನಿಂಬೆ ಪಾನಕ ಒಳ್ಳೆಯದು. ನಾಳೆ ಆಶಾ ಕಾರ್ಯಕರ್ತೆಗೂ ಹನ್ನೆರಡು ದಿನ ತಪ್ಪಿದ್ದನ್ನು ಹೇಳು.

ತಂಗಿ: ಹೇಳುತ್ತೇನೆ ಅಕ್ಕ.

ಮಳವಳ್ಳಿ ಅತ್ತೆ: ಸಂದೇಶ ಅಳಿಸಿದೆ. ಒಂದು ಕೇಳಲೇ? ನನ್ನ ಎರಡನೆಯವನು ಹುಟ್ಟಿದಾಗ ಎರಡು ಕೆ.ಜಿ. ಇನ್ನೂರು ಗ್ರಾಂ ಇದ್ದ. ನನ್ನ ಅತ್ತೆ ಗಂಜಿಯ ಮೇಲೆಯೇ ಇಟ್ಟಿದ್ದರು. ಈಗ ಅವನಿಗೆ ನಲವತ್ತೊಂದು.

ನಾನು: ಅತ್ತೆ, ಅದು ನಿಮ್ಮ ತಪ್ಪಲ್ಲ. ಕಡಿಮೆ ತೂಕದಲ್ಲಿ ಹುಟ್ಟಿದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಆ ನೂರರಲ್ಲಿ 89 ಜನಕ್ಕೆ ಇರಲಿಲ್ಲ. ಬಿ.ಪಿ., ಸಕ್ಕರೆ ವರ್ಷಕ್ಕೊಮ್ಮೆ ನೋಡಿಸಲಿ, ಬೀಡಿ ಬಿಡಲಿ.

ಮಳವಳ್ಳಿ ಅತ್ತೆ: ಇದುವರೆಗೆ ಒಂದು ಸಲವೂ ನೋಡಿಸಿಲ್ಲ. ಸೋಮವಾರ ನಾನೇ ಮಂಡ್ಯಕ್ಕೆ ಕರೆತರುತ್ತೇನೆ. ನೀನೂ ಆಸ್ಪತ್ರೆಯ ಹತ್ತಿರ ಬಾ.